ಮಳೆಗಾಲದಲ್ಲಿ ಮಾಡೆಲ್ ಕಾರಿನ ಬಣ್ಣ ಬೆಳ್ಳಗಾದರೆ: ಕೊಡಗಿನ ಮನೆಗಳಿಗೆ ಒಂದು ದೋಷ ನಿವಾರಣೆ ಕೈಪಿಡಿ

ತೊಂದರೆ ಹೀಗಿರುತ್ತದೆ. 1:24 ಅಳತೆಯ ಪ್ಲಾಸ್ಟಿಕ್ ಮಾಡೆಲ್ ಕಾರಿನ ಬಾಡಿಯ ಮೇಲೆ ಕಡು ಹಸಿರೋ ಕಪ್ಪೋ ಬಣ್ಣ ಹೊಡೆದಿರುತ್ತೀರಿ. ಮೊದಲು ಒದ್ದೆ ಹೊಳಪು ಚೆನ್ನಾಗಿಯೇ ಇರುತ್ತದೆ. ಕೆಲವೇ ನಿಮಿಷದಲ್ಲಿ ಬಾನೆಟ್ ಮೇಲೆ, ಟಾಪಿನ ಮೇಲೆ ಹಾಲಿನ ಬಣ್ಣದ ಪೊರೆ ಏಳುತ್ತದೆ. ಹಸಿರು ಬೂದಿಯಾಗುತ್ತದೆ, ಕಪ್ಪು ಮಂಕಾಗುತ್ತದೆ. ವಾರಗಟ್ಟಲೆ ಪುಟ್ಟಿ ಹಾಕಿ, ಉಜ್ಜಿ, ಪ್ರೈಮರ್ ಹೊಡೆದು ತಂದ ಬಾಡಿ ಅದು. ನೋಡಿದರೆ ಹೊಟ್ಟೆ ಉರಿಯುತ್ತದೆ.

ಆ ಹೊತ್ತಿನಲ್ಲಿ ಎರಡು ಕೆಲಸ ಮಾತ್ರ ಮಾಡಬೇಡಿ. ಬಟ್ಟೆಯಿಂದ ಒರೆಸಬೇಡಿ, ಬಣ್ಣ ಇನ್ನೂ ಮೆತ್ತಗಿದೆ. ಮುಚ್ಚಿಹೋಗಲಿ ಅಂತ ತಕ್ಷಣ ಇನ್ನೊಂದು ಕೋಟ್ ಹೊಡೆಯಬೇಡಿ. ಅದೇ ಗಾಳಿಯಲ್ಲಿ ಹೊಡೆದ ಇನ್ನೊಂದು ಕೋಟ್ ಕೂಡ ಬೆಳ್ಳಗೇ ಆಗುತ್ತದೆ. ಜೊತೆಗೆ ಬಣ್ಣದ ದಪ್ಪ ಏರುತ್ತದೆ. ಕಾರನ್ನು 24 ಪಾಲು ಚಿಕ್ಕದು ಮಾಡಿದರೂ ಬಣ್ಣದ ಪದರ ಚಿಕ್ಕದಾಗುವುದಿಲ್ಲ, ಅಲ್ವಾ? ಮಾಡೆಲ್ ಮೇಲೆ 0.1 ಮಿ.ಮೀ. ದಪ್ಪ ಕೂತರೆ, ನಿಜವಾದ ಕಾರಿನ ಮೇಲೆ 2.4 ಮಿ.ಮೀ. ಬಳಿದ ಲೆಕ್ಕ. ಬಾಗಿಲ ಸುತ್ತಲಿನ ಗೆರೆಗಳೆಲ್ಲ ತುಂಬಿಹೋಗುತ್ತವೆ.

ಬಣ್ಣದ ಡಬ್ಬಿಯನ್ನೋ ಸ್ಪ್ರೇ ಕ್ಯಾನನ್ನೋ ದೂರುವ ಮುಂಚೆ ಗಾಳಿಯನ್ನು ಅಳೆಯಿರಿ. ಕೊಡಗಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬರುವ ಈ ದೂರಿನಲ್ಲಿ ಹೆಚ್ಚಿನ ಪಾಲು ಬಣ್ಣದ ತಪ್ಪಲ್ಲ, ತೇವದ್ದು. ಮಡಿಕೇರಿಯಲ್ಲಿ ಕೆಟ್ಟ ಅದೇ ಕ್ಯಾನ್ ಸುಮಾರು 30 ಕಿಲೋಮೀಟರ್ ಆಚೆಯ ಕುಶಾಲನಗರದಲ್ಲಿ ಚೆನ್ನಾಗಿ ಹೊಳೆಯಬಹುದು. ಅಲ್ಲಿ ಮಳೆ ತೀರಾ ಕಡಿಮೆ. ಆದರೆ ಬೆಳ್ಳಗೆ ಕಂಡದ್ದೆಲ್ಲ ತೇವದ ಬಿಳುಪೂ ಅಲ್ಲ. ಅದಕ್ಕೇ ಮೊದಲು ಯಾವ ಬಿಳುಪು ಎಂದು ಗೊತ್ತುಮಾಡಿಕೊಳ್ಳಬೇಕು.

ಮೊದಲು ನೋಡುವುದು: ಎಲ್ಲಿ, ಯಾವಾಗ, ಮುಟ್ಟಿದರೆ ಹೇಗೆ

ಬಾಡಿಯನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿಯಿರಿ. ಟ್ಯೂಬ್‌ಲೈಟಿನ ನೇರ ಬೆಳಕಿನಲ್ಲಿ ತಪ್ಪು ಕಾಣುತ್ತದೆ.

ಬಿಳುಪು ಬಣ್ಣ ದಪ್ಪ ಕೂತ ಕಡೆಯೇ ಜಾಸ್ತಿ ಇದೆಯಾ? ಬಾನೆಟ್ಟಿನ ನಡುವೆ, ಟಾಪಿನ ಮೇಲೆ, ಕ್ಯಾನ್ ಹತ್ತಿರ ಹಿಡಿದ ಜಾಗದಲ್ಲಿ? ಹೊಡೆದ ಕೆಲವೇ ನಿಮಿಷದಲ್ಲಿ ಬಂತಾ? ಒಣಗಿದ ಮೇಲೆ ಮುಟ್ಟಿದರೆ ನುಣ್ಣಗೇ ಇದೆಯಾ? ಮೂರಕ್ಕೂ ಹೌದು ಎಂದರೆ ಅದು ಬ್ಲಶಿಂಗ್, ಅಂದರೆ ಪದರದೊಳಗೆ ತೇವ ಸಿಕ್ಕಿಕೊಂಡು ಬಂದ ಬಿಳುಪು. ಈ ಬರಹದ ಹೆಚ್ಚಿನ ಭಾಗ ಅದರದ್ದೇ.

ಬಿಳುಪು ಗಾಜಿನ (ಮಾಡೆಲ್‌ನಲ್ಲಿ ಅದು ಪಾರದರ್ಶಕ ಪ್ಲಾಸ್ಟಿಕ್) ಅಂಚಿನಲ್ಲಿ, ಬಂಪರ್ ಅಂಟಿಸಿದ ಕಡೆ, ಕನ್ನಡಿಯ ಬುಡದಲ್ಲಿ ಮಾತ್ರ ಪುಡಿಪುಡಿಯಾಗಿ ಕೂತಿದೆಯಾ? ಅದು ಸೂಪರ್ ಗ್ಲೂ ಹೊಗೆ. ಸೈನೊಅಕ್ರಿಲೇಟ್ ಅಂಟಿನ ಆವಿ ಪಕ್ಕದ ಮೇಲ್ಮೈಗೆ ಕೂತು ಅಲ್ಲೇ ಗಟ್ಟಿಯಾಗುತ್ತದೆ. ಬಾಡಿ ಮುಚ್ಚಿದ ಮೇಲೆ ಒಳಗೆ ಗಾಳಿ ಆಡದಿದ್ದರೆ ಇನ್ನೂ ಜಾಸ್ತಿ. ಬಣ್ಣದ ಮೇಲಿನದ್ದು ಒದ್ದೆ ಬಟ್ಟೆಗೆ ಅಥವಾ ಪಾಲಿಶಿಗೆ ಹೋಗಬಹುದು. ಗಾಜಿನ ಭಾಗದ ಮೇಲಿನದ್ದಕ್ಕೆ ಪಾಲಿಶ್ ಬೇಕೇ ಬೇಕು. ಗಾಜಿಗೆ ಸೂಪರ್ ಗ್ಲೂ ಹಾಕುವ ಅಭ್ಯಾಸವನ್ನೇ ಬಿಡಿ. ಪಿವಿಎ ಅಂಟು (ಫೆವಿಕಾಲ್ ಥರದ ಬಿಳಿ ಅಂಟು) ಸಾಕು, ಒಣಗಿದ ಮೇಲೆ ಕಾಣುವುದೂ ಇಲ್ಲ.

ಮುಟ್ಟಿದರೆ ಮರಳು ಕಾಗದದ ಹಾಗೆ ಒರಟಾಗಿದೆಯಾ? ಅದು ಒಣ ಸ್ಪ್ರೇ. ಹನಿಗಳು ಬಾಡಿ ಮುಟ್ಟುವ ಮುಂಚೆ ಗಾಳಿಯಲ್ಲೇ ಒಣಗಿ ಪುಡಿಯಾಗಿ ಕೂತಿವೆ. ದೂರದಿಂದ ಹೊಡೆದಾಗ, ಏರ್‌ಬ್ರಷ್ಷಿನ (ಕಂಪ್ರೆಸರ್ ಗಾಳಿಯಿಂದ ಬಣ್ಣ ಸಿಂಪಡಿಸುವ ಸಣ್ಣ ಸಾಧನ) ಒತ್ತಡ ಜಾಸ್ತಿ ಇಟ್ಟಾಗ, ಥಿನ್ನರ್ ಸಾಲದಾದಾಗ ಹೀಗಾಗುತ್ತದೆ. ಇದು ಮಾರ್ಚ್, ಏಪ್ರಿಲ್ ಬಿಸಿಲಿನ ರೋಗ, ಮಳೆಗಾಲದ್ದಲ್ಲ. ಸಂಶಯ ಇದ್ದರೆ ಒಂದು ಹನಿ ನೀರು ಸವರಿ ನೋಡಿ. ಒರಟಿನಿಂದ ಬಂದ ಬಿಳುಪು ಒದ್ದೆಯಾದಾಗ ಮಾಯವಾಗಿ, ಒಣಗಿದಾಗ ಮತ್ತೆ ಬರುತ್ತದೆ. ಬ್ಲಶಿಂಗ್ ಪದರದೊಳಗೇ ಇರುವುದರಿಂದ ನೀರಿಗೆ ಅಷ್ಟಾಗಿ ಬದಲಾಗುವುದಿಲ್ಲ. ಒಣ ಸ್ಪ್ರೇಗೆ 2000 ನಂಬರ್ ಮರಳು ಕಾಗದದಲ್ಲಿ ನೀರು ಹಾಕಿ ಉಜ್ಜಿ, ಪಾಲಿಶ್ ಮಾಡಿದರೆ ಆಯಿತು.

ಡೀಕಲ್ (ನೀರಿನಲ್ಲಿ ನೆನೆಸಿ ಅಂಟಿಸುವ ತೆಳು ಚಿತ್ರ) ಅಡಿಯಲ್ಲಿ ಮಾತ್ರ ಬೆಳ್ಳಿಯ ಮಿನುಗು ಕಂಡರೆ ಅದು ಒಳಗೆ ಸಿಕ್ಕಿಕೊಂಡ ಗಾಳಿ. ಸೂಜಿಯಿಂದ ಸಣ್ಣಗೆ ಚುಚ್ಚಿ, ಡೀಕಲ್ ಮೆದುಗೊಳಿಸುವ ದ್ರಾವಣ ಬಿಡಿ. ಇನ್ನು ಮುಂದೆ ಡೀಕಲ್ ಅಂಟಿಸುವ ಮುಂಚೆ ಹೊಳಪಿನ ಕೋಟ್ ಹೊಡೆಯಿರಿ.

ಬಿಳುಪಲ್ಲ, ಕೂದಲೆಳೆಯ ಬಿರುಕುಗಳ ಜಾಲ ಎಂದಾದರೆ ಥಿನ್ನರ್ ಪ್ಲಾಸ್ಟಿಕ್ಕನ್ನು ತಿಂದಿದೆ. ಕಿಟ್‌ಗಳ ಬಾಡಿ ಸಾಮಾನ್ಯವಾಗಿ ಪಾಲಿಸ್ಟೈರೀನ್. ಕಾರ್ ವರ್ಕ್‌ಶಾಪಿನ ಎನ್‌ಸಿ (ನೈಟ್ರೊಸೆಲ್ಯುಲೋಸ್) ಥಿನ್ನರ್ ಅದಕ್ಕೆ ತುಂಬಾ ಖಾರ. ಪ್ರೈಮರ್ ಇಲ್ಲದೆ ಅದನ್ನು ದಪ್ಪಗೆ ಹೊಡೆದರೆ ಬಾಡಿ ಬಿರಿಯುತ್ತದೆ. ಇದಕ್ಕೆ ಬರೀ ಮೇಲಿನಿಂದ ಹಚ್ಚುವ ಮದ್ದಿಲ್ಲ. ಬಿರುಕು ಹೋಗುವ ತನಕ ಉಜ್ಜಿ, ಪ್ರೈಮರ್‌ನಿಂದ ಮತ್ತೆ ಶುರುಮಾಡಬೇಕು.

ಒಂದೇ ಮಾಡೆಲ್‌ನಲ್ಲಿ ಎರಡು ಬಿಳುಪು ಇರುವುದೂ ಉಂಟು. ನಾಪೋಕ್ಲು ಕಡೆಯ ಗೆಳೆಯನೊಬ್ಬ ತಂದು ತೋರಿಸಿದ ಜೀಪಿನಲ್ಲಿ ಬಾನೆಟ್ಟಿನದ್ದು ಬ್ಲಶಿಂಗ್, ಮುಂದಿನ ಗಾಜಿನದ್ದು ಅಂಟಿನ ಹೊಗೆ. ಎರಡೂ ಒಂದೇ ರೋಗ ಎಂದುಕೊಂಡು ಅವನು ಗಾಜಿಗೂ ಥಿನ್ನರ್ ಹಚ್ಚಲು ಹೊರಟಿದ್ದ. ಹಚ್ಚಿದ್ದರೆ ಗಾಜು ಕರಗಿ ಕಾರಿಗೆ ಕುರುಡು ಬರುತ್ತಿತ್ತು. ಅದಕ್ಕೇ ಒಂದೊಂದು ಜಾಗವನ್ನೂ ಬೇರೆಬೇರೆಯಾಗಿ ನೋಡಿ.

ತೇವ ಹೇಗೆ ಒಳಗೆ ಬರುತ್ತದೆ

ಇಂಜೆಕ್ಷನ್ ಚುಚ್ಚುವ ಮುಂಚೆ ತೋಳಿಗೆ ಸ್ಪಿರಿಟ್ ಹಚ್ಚಿದರೆ ತಣ್ಣಗಾಗುತ್ತದಲ್ಲ, ಬಾಡಿಯ ಮೇಲೆ ನಡೆಯುವುದೂ ಅದೇ. ಲ್ಯಾಕರ್ ಬಣ್ಣದ (ದ್ರಾವಕ ಆರಿದಂತೆ ಬಿಗಿಯುವ ಬಣ್ಣ) ದ್ರಾವಕ ಬೇಗ ಆರುತ್ತದೆ. ಆರುವಾಗ ಮೇಲ್ಮೈಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಸ್ಪ್ರೇ ಕ್ಯಾನಿನಲ್ಲಿ ಇದು ಇನ್ನೂ ಜಾಸ್ತಿ. ಒಳಗೆ ದ್ರವವಾಗಿದ್ದ ಗ್ಯಾಸ್ ಹೊರಗೆ ಬರುತ್ತಲೇ ಹಿಗ್ಗಿ ತಣ್ಣಗಾಗುತ್ತದೆ. ಹೊಡೆಯುತ್ತಾ ಹೋದಂತೆ ಕ್ಯಾನ್ ಕೈಯಲ್ಲೇ ತಣ್ಣಗಾಗುವುದನ್ನು ನೀವು ಗಮನಿಸಿರಬಹುದು.

ಗಾಳಿಯ ತೇವ ನೀರಾಗಿ ಇಳಿಯುವ ಬಿಸಿಮಟ್ಟಕ್ಕೆ ಇಬ್ಬನಿ ಬಿಂದು ಎನ್ನುತ್ತಾರೆ. ಬಾಡಿಯ ಮೇಲ್ಮೈ ಅದಕ್ಕಿಂತ ಕೆಳಗೆ ಇಳಿದರೆ ಕಣ್ಣಿಗೆ ಕಾಣದಷ್ಟು ಸಣ್ಣ ನೀರ ಹನಿಗಳು ಒದ್ದೆ ಬಣ್ಣದೊಳಗೆ ಸೇರುತ್ತವೆ. ಬಣ್ಣ ಬಿಗಿದ ಮೇಲೆ ನೀರು ಆರುತ್ತದೆ, ಅದು ಇದ್ದ ಜಾಗ ಮಾತ್ರ ಟೊಳ್ಳಾಗಿ ಉಳಿಯುತ್ತದೆ. ಬೆಳಕು ಆ ಟೊಳ್ಳುಗಳಿಗೆ ಬಡಿದು ಚದುರುತ್ತದೆ. ನಮಗೆ ಬೆಳ್ಳಗೆ ಕಾಣುತ್ತದೆ. ಬಿಳಿ ಬಣ್ಣದ ಕಾರಿನಲ್ಲೂ ಇದು ಆಗುತ್ತದೆ, ಕಾಣುವುದಿಲ್ಲ ಅಷ್ಟೆ. ಸಿಲ್ವರ್ ಬಣ್ಣದಲ್ಲಿ ಹೊಳಪು ಸತ್ತ ಹಾಗೆ ಕಾಣುತ್ತದೆ.

ಇಬ್ಬನಿ ಬಿಂದುವನ್ನು ಲೆಕ್ಕ ಹಾಕಲು ಒಂದು ಸುಲಭ ದಾರಿ ಇದೆ. ನೂರರಿಂದ ಗಾಳಿಯ ತೇವಾಂಶವನ್ನು ಕಳೆಯಿರಿ. ಬಂದದ್ದನ್ನು 5ರಿಂದ ಭಾಗಿಸಿ. ಅಷ್ಟು ಡಿಗ್ರಿಯನ್ನು ಕೋಣೆಯ ಉಷ್ಣತೆಯಿಂದ ಇಳಿಸಿ. ತೇವಾಂಶ ಶೇ. 50ಕ್ಕಿಂತ ಮೇಲಿದ್ದರೆ ಈ ಲೆಕ್ಕ ನಮ್ಮ ಕೆಲಸಕ್ಕೆ ಧಾರಾಳ ಸಾಕು.

ಈಗ ಕಕ್ಕಡ ತಿಂಗಳ (ಜುಲೈ–ಆಗಸ್ಟ್) ಒಂದು ಮಧ್ಯಾಹ್ನ ತೆಗೆದುಕೊಳ್ಳಿ. ಕೋಣೆ 20 ಡಿಗ್ರಿ, ತೇವಾಂಶ ಶೇ. 95. ಲೆಕ್ಕ ಹಾಕಿದರೆ ಇಬ್ಬನಿ ಬಿಂದು 19. ಅಂದರೆ ಬಾಡಿ ಬರೀ ಒಂದು ಡಿಗ್ರಿ ತಣ್ಣಗಾದರೆ ಸಾಕು, ನೀರು ಇಳಿಯುತ್ತದೆ. ಸೇತುವೆ, ಹಡಗಿಗೆ ಬಣ್ಣ ಹಚ್ಚುವವರು ಮೇಲ್ಮೈ ಇಬ್ಬನಿ ಬಿಂದುವಿಗಿಂತ ಕನಿಷ್ಠ 3 ಡಿಗ್ರಿ ಮೇಲಿರಬೇಕು ಎನ್ನುವ ನಿಯಮ ಪಾಲಿಸುತ್ತಾರೆ. ನಮ್ಮ ಲ್ಯಾಕರ್ ಬೇಗ ಆರುವ ಜಾತಿಯದು, ಬಾಡಿಯೂ ತೆಳು. ಹಾಗಾಗಿ ನಾನು 6 ಡಿಗ್ರಿ ಅಂತರ ಇಲ್ಲದೆ ಹೊಳಪಿನ ಕೋಟ್ ಹೊಡೆಯಬೇಡಿ ಎನ್ನುತ್ತೇನೆ.

ಆ 6 ಡಿಗ್ರಿಯನ್ನು ಮಡಿಕೇರಿಯ ಜುಲೈನಲ್ಲೂ ಗಳಿಸಬಹುದು. ಅದೇ ಕೋಣೆಯ ಅದೇ ಗಾಳಿಯನ್ನು, ಹೊಸ ತೇವ ಸೇರಿಸದೆ, 26 ಡಿಗ್ರಿಗೆ ಬಿಸಿ ಮಾಡಿ. ತೇವಾಂಶ ಸುಮಾರು ಶೇ. 66ಕ್ಕೆ ಇಳಿಯುತ್ತದೆ. ಇಬ್ಬನಿ ಬಿಂದು 19ರಲ್ಲೇ ನಿಲ್ಲುತ್ತದೆ. ಅಂತರ 1 ಇದ್ದದ್ದು 7 ಆಯಿತು.

‘ಹೊಸ ತೇವ ಸೇರಿಸದೆ’ ಎಂಬ ಮಾತನ್ನು ಮರೆಯಬೇಡಿ. ಗ್ಯಾಸ್ ಒಲೆ ಉರಿದರೆ ನೀರಾವಿ ಹುಟ್ಟುತ್ತದೆ. ಅದರಿಂದ ಕೋಣೆ ಬಿಸಿ ಮಾಡಿದರೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಒದ್ದೆ ಬಟ್ಟೆ ನೇತುಹಾಕಿದ ಕೋಣೆಯೂ ಬೇಡ. ಮಳೆಗಾಲದಲ್ಲಿ ನಮ್ಮ ಮನೆಗಳಲ್ಲಿ ಬಟ್ಟೆ ಒಣಗಿಸುವುದೇ ದೊಡ್ಡ ಕೆಲಸ, ಬೆಚ್ಚಗಿನ ಕೋಣೆ ಎಲ್ಲಿದೆಯೋ ಬಟ್ಟೆಯೂ ಅಲ್ಲೇ ಇರುತ್ತದೆ. ಒಂದು ದಿನದ ಮಟ್ಟಿಗೆ ಮನೆಯವರ ಹತ್ತಿರ ಕೇಳಿ ಬಿಡಿಸಿಕೊಳ್ಳಿ.

ಇನ್ನೊಂದು ಮಾತು, ಇದು ಜೀವದ ಪ್ರಶ್ನೆ. ಬೆಂಕಿ ಇರುವ ಕೋಣೆಯಲ್ಲಿ ಲ್ಯಾಕರ್ ಹೊಡೆಯಲೇಬಾರದು. ಅಗ್ಗಿಷ್ಟಿಕೆ, ಇದ್ದಿಲ ಕೆಂಡ, ಉರಿಯುವ ಒಲೆ, ಕೆಂಪಗೆ ಕಾಯುವ ಹೀಟರ್, ಯಾವುದೂ ಇರಬಾರದು. ಥಿನ್ನರ್ ಆವಿಯೂ ಕ್ಯಾನಿನ ಗ್ಯಾಸೂ ಹೊತ್ತಿಕೊಳ್ಳುತ್ತವೆ. ಕರೆಂಟಿನ ಹೀಟರ್‌ನಿಂದ ಮೊದಲೇ ಕೋಣೆ ಬೆಚ್ಚಗೆ ಮಾಡಿ, ಆರಿಸಿ, ಅದು ಪೂರ್ತಿ ತಣ್ಣಗಾದ ಮೇಲೆ ಹೊಡೆಯಿರಿ.

ಚಮಚದ ಪರೀಕ್ಷೆ

ಗಾಳಿಯೇ ಕಾರಣ ಎಂದು ಖಚಿತ ಮಾಡಿಕೊಳ್ಳದೆ ಬಾಡಿಗೆ ಮತ್ತೆ ಕೈ ಹಾಕಬೇಡಿ. ಪಾರ್ಟಿಗೆ ತರುವ ಪ್ಲಾಸ್ಟಿಕ್ ಚಮಚ ಮೂರು ಸಾಕು. ಅದರ ಬೆನ್ನು ಕಾರಿನ ಬಾನೆಟ್ ಹಾಗೇ ಬಾಗಿರುತ್ತದೆ. ಮೂರಕ್ಕೂ ಸಾಬೂನು ಹಾಕಿ ತೊಳೆದು, ಒಣಗಿಸಿ, ಕಪ್ಪು ಪ್ರೈಮರ್ ಹೊಡೆದಿಡಿ.

ಮೊದಲನೆಯದಕ್ಕೆ ನಿಮ್ಮ ಮಾಮೂಲಿ ಜಾಗದಲ್ಲೇ, ಮಾಮೂಲಿ ಥರವೇ ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಕೋಟ್) ಹೊಡೆಯಿರಿ. ಎರಡನೆಯದನ್ನೂ ಕ್ಯಾನನ್ನೂ ಬೆಚ್ಚಗೆ ಮಾಡಿ, ಬೆಚ್ಚಗಿನ ಒಣ ಕೋಣೆಯಲ್ಲಿ ಹೊಡೆಯಿರಿ. ಮೂರನೆಯದಕ್ಕೆ ಮೊದಲಿನ ತಣ್ಣನೆ ಜಾಗದಲ್ಲೇ, ಆದರೆ ತುಂಬಾ ತೆಳುವಾಗಿ, ನಡುವೆ ಬಿಡುವು ಕೊಟ್ಟು ಹೊಡೆಯಿರಿ.

ಮೊದಲನೆಯದು ಬೆಳ್ಳಗಾಗಿ ಎರಡನೆಯದು ಹೊಳೆದರೆ ಕಾರಣ ತೇವ, ಇನ್ನು ಅನುಮಾನ ಬೇಡ. ಮೂರನೆಯದೂ ಹೊಳೆದರೆ ನೀವು ಹೊಡೆಯುವ ಕೋಟ್ ದಪ್ಪವಾಗಿತ್ತು. ಮೂರೂ ಬೆಳ್ಳಗಾದರೆ ಮಾತ್ರ ಡಬ್ಬಿಯನ್ನು ಅನುಮಾನಿಸಿ. ಥಿನ್ನರ್ ಆ ಬಣ್ಣಕ್ಕೆ ಹೊಂದದೆ ಇರಬಹುದು, ಅಥವಾ ಥಿನ್ನರ್‌ಗೇ ನೀರು ಸೇರಿರಬಹುದು. ಮುಚ್ಚಳ ಸಡಿಲ ಬಿಟ್ಟ ಥಿನ್ನರ್ ಡಬ್ಬಿ ನಮ್ಮೂರಿನ ಮಳೆಗಾಲಕ್ಕೆ ತಡೆಯುವುದಿಲ್ಲ. ಮ್ಯಾಟ್ ಕ್ಲಿಯರ್ ಆಗಿದ್ದರೆ ಡಬ್ಬಿ ಸರಿಯಾಗಿ ಕಲಕಿದ್ದೀರಾ ಎಂದೂ ನೋಡಿ. ಅಡಿಯಲ್ಲಿ ಕೂತ ಮ್ಯಾಟ್ ಪುಡಿ ಒಂದೇ ಕಡೆ ಬಿದ್ದರೂ ಹಿಮ ಬಿದ್ದಂಥ ಬಿಳುಪು ಬರುತ್ತದೆ.

ತೇವಾಂಶ ಅಳೆಯುವ ಸಣ್ಣ ಡಿಜಿಟಲ್ ಮೀಟರ್ ದುಬಾರಿಯಲ್ಲ, ಆದರೆ ಕೆಲವು ಸುಳ್ಳು ಹೇಳುತ್ತವೆ. ಪರೀಕ್ಷೆ ಸುಲಭ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪು ತುಂಬಿ, ಕೆಸರಾಗುವಷ್ಟು ಮಾತ್ರ ನೀರು ಹಾಕಿ. ಅದನ್ನೂ ಮೀಟರನ್ನೂ ಗಾಳಿಯಾಡದ ಡಬ್ಬಿಯಲ್ಲಿ ಒಂದು ರಾತ್ರಿ ಇಡಿ. ಬೆಳಿಗ್ಗೆ ಮೀಟರ್ ಶೇ. 75 ತೋರಿಸಬೇಕು. 80 ತೋರಿಸಿದರೆ ಇನ್ನು ಮುಂದೆ 5 ಕಳೆದು ಓದಿ.

ಏರ್‌ಬ್ರಷ್ ಇರುವವರಿಗೆ ಇನ್ನೊಂದು ತಪಾಸಣೆ

ಕಂಪ್ರೆಸರ್ ಗಾಳಿಯನ್ನು ಒತ್ತಿದಾಗ ಬಿಸಿಯಾಗುತ್ತದೆ, ಪೈಪಿನಲ್ಲಿ ಬರುತ್ತಾ ತಣ್ಣಗಾಗುತ್ತದೆ. ಒಳಗಿನ ತೇವ ಪೈಪಿನಲ್ಲೇ ನೀರಾಗುತ್ತದೆ. ಖಾಲಿ ಏರ್‌ಬ್ರಷ್ಷನ್ನು 15ರಿಂದ 20 ಪಿಎಸ್‌ಐ ಒತ್ತಡದಲ್ಲಿ ಕನ್ನಡಿಯ ಮೇಲೆ ಸ್ವಲ್ಪ ಹೊತ್ತು ಊದಿ ನೋಡಿ. ಹನಿ ಬಿದ್ದರೆ ಬಣ್ಣಕ್ಕೂ ಬಿದ್ದಿದೆ ಎಂದೇ ಅರ್ಥ. ಇಂಥ ನೀರಿನಿಂದ ಪೊರೆಯಂಥ ಬಿಳುಪು ಬರುವುದಿಲ್ಲ. ಅಲ್ಲೊಂದು ಇಲ್ಲೊಂದು ಚುಕ್ಕೆ, ಗುಳಿ ಬೀಳುತ್ತವೆ. ಗಾಳಿಯ ನೀರು ಹಿಡಿಯುವ ವಾಟರ್ ಟ್ರ್ಯಾಪ್ ಹಾಕಿ, ಅದನ್ನು ಕಂಪ್ರೆಸರ್‌ಗೆ ಅಂಟಿಕೊಂಡಂತೆ ಇಡದೆ ಪೈಪಿನಲ್ಲಿ ಗಾಳಿ ತಣ್ಣಗಾದ ಮೇಲೆ ಬರುವ ಜಾಗದಲ್ಲಿ ಇಡಿ. ಮಳೆಗಾಲದಲ್ಲಿ ಪ್ರತಿ ಸಲವೂ ನೀರು ಬಸಿಯಿರಿ. ಗುಳಿಗಳ ತಳದಲ್ಲಿ ಪ್ಲಾಸ್ಟಿಕ್ಕೇ ಕಾಣುತ್ತಿದ್ದರೆ ಅದು ನೀರಲ್ಲ, ಎಣ್ಣೆ ಅಥವಾ ಸಿಲಿಕಾನ್ ಪಸೆ. ಪಾತ್ರೆ ಸೋಪಿನಲ್ಲಿ ಬಾಡಿ ತೊಳೆದು ಶುರುಮಾಡಬೇಕಿತ್ತು.

ಸರಿಮಾಡುವುದು

ಬ್ಲಶಿಂಗ್ ಹಗುರವಾಗಿದ್ದರೆ ಏನೂ ಮಾಡದೆ ಬೆಚ್ಚಗಿನ ಒಣ ಜಾಗದಲ್ಲಿ ಒಂದು ರಾತ್ರಿ ಇಡಿ. ಎಷ್ಟೋ ಸಲ ಅರ್ಧ ಬಿಳುಪು ತಾನಾಗಿ ಇಳಿಯುತ್ತದೆ. ಬೆಚ್ಚಗಿನ ಜಾಗ ಇಲ್ಲದಿದ್ದರೆ ಮಾಡಿಕೊಳ್ಳಿ: ದೊಡ್ಡ ರಟ್ಟಿನ ಡಬ್ಬ, ಒಳಗೆ ಹಳೇ ಕಾಲದ 40 ವ್ಯಾಟ್ ಬಲ್ಬ್, ಮೇಲೆ ಗಾಳಿ ಹೋಗಲು ತೂತುಗಳು. ಎಲ್‌ಇಡಿ ಬಲ್ಬ್ ಸಾಕಷ್ಟು ಬಿಸಿ ಕೊಡುವುದಿಲ್ಲ. ಬಲ್ಬ್ ರಟ್ಟಿಗೂ ಬಾಡಿಗೂ ತಾಗದಂತಿರಲಿ, ಮನೆಯಲ್ಲಿ ಎಚ್ಚರವಾಗಿ ಒಬ್ಬರು ಇರುವಾಗಲೇ ಉರಿಯಲಿ. ಒಳಗೆ 40 ಡಿಗ್ರಿ ದಾಟಬಾರದು. ಪಾಲಿಸ್ಟೈರೀನ್ ಅಷ್ಟಕ್ಕೇ ಕರಗುವುದಿಲ್ಲ, ಆದರೆ ಬಲ್ಬಿನ ಹತ್ತಿರದ ತೆಳು ಕಂಬಗಳು ಬಾಗಬಹುದು. ಈಗಷ್ಟೇ ಹೊಡೆದ ಒದ್ದೆ ಬಾಡಿಯನ್ನು ಇದರಲ್ಲಿ ಇಡಬೇಡಿ. ಥಿನ್ನರ್ ವಾಸನೆ ಹೋದ ಮೇಲೆ ಇಡಿ.

ಅದಕ್ಕೂ ಹೋಗದಿದ್ದರೆ ಬಿಗಿದ ಪದರವನ್ನು ಮತ್ತೆ ಮೆದು ಮಾಡಿ ಬಿಗಿಯಲು ಬಿಡಬೇಕು. ಲ್ಯಾಕರ್‌ನ ದೊಡ್ಡ ಗುಣ ಇದೇ, ಅದರ ಥಿನ್ನರ್ ಅದನ್ನು ಮತ್ತೆ ಕರಗಿಸುತ್ತದೆ. ನಿಧಾನ ಆರುವ ಥಿನ್ನರ್ ಬೇಕು. ಮಿಸ್ಟರ್ ಕಲರ್ ಲೆವೆಲಿಂಗ್ ಥಿನ್ನರ್‌ನಲ್ಲಿ ಆರುವುದನ್ನು ನಿಧಾನಿಸುವ ರಿಟಾರ್ಡರ್ ಸೇರಿಯೇ ಬರುತ್ತದೆ. ಬೇರೆ ಲ್ಯಾಕರ್ ಥಿನ್ನರ್ ಆದರೆ ರಿಟಾರ್ಡರ್ ಸ್ವಲ್ಪ ಬೆರೆಸಿ, ನೂರಕ್ಕೆ ಐದರಿಂದ ಹತ್ತು ಪಾಲು ಸಾಕು. ಕೋಣೆ ಬೆಚ್ಚಗಾದ ಮೇಲೆ, 6 ಡಿಗ್ರಿ ಅಂತರ ನೋಡಿಕೊಂಡು, ಬಣ್ಣವಿಲ್ಲದೆ ಬರೀ ಥಿನ್ನರನ್ನು ಮಂಜಿನಂತೆ ಹೊಡೆಯಿರಿ. ಹರಿಯುವಷ್ಟು ಬೇಡ. ಪದರ ಮೆತ್ತಗಾಗುತ್ತದೆ, ಟೊಳ್ಳುಗಳು ಮುಚ್ಚಿಕೊಳ್ಳುತ್ತವೆ, ಕಣ್ಣೆದುರೇ ಹಸಿರು ಮರಳಿ ಹಸಿರಾಗುತ್ತದೆ. ಈ ಹವ್ಯಾಸದಲ್ಲಿ ನನಗೆ ಅದಕ್ಕಿಂತ ಸಂತೋಷದ ನೋಟ ಕಡಿಮೆ.

ಸ್ಪ್ರೇ ಕ್ಯಾನ್ ಮಾತ್ರ ಇರುವವರು ಅದೇ ಬ್ರಾಂಡಿನ ಲ್ಯಾಕರ್ ಕ್ಲಿಯರನ್ನು ಒಣ ಗಾಳಿಯಲ್ಲಿ ತೆಳುವಾಗಿ ಹೊಡೆದು ನೋಡಬಹುದು. ಟಮಿಯಾದ ಟಿಎಸ್ ಕ್ಯಾನ್‌ಗಳು ಲ್ಯಾಕರ್, ಅವಕ್ಕೆ ಈ ದಾರಿ ನಡೆಯುತ್ತದೆ. ಹೊಡೆಯುವ ಮುಂಚೆ ಕ್ಯಾನನ್ನು ಕೈಗೆ ಹಿತವಾಗುವಷ್ಟು ಬೆಚ್ಚಗಿನ ನೀರಿನಲ್ಲಿ ಐದು ನಿಮಿಷ ಇಡಿ. ಕುದಿಯುವ ನೀರು, ಒಲೆ, ಹೀಟರ್ ಹತ್ತಿರ ಖಂಡಿತ ಬೇಡ, ಕ್ಯಾನ್ ಸಿಡಿಯುತ್ತದೆ.

ಡೀಕಲ್ ಹಾಕಿಯಾಗಿದ್ದರೆ ಎಚ್ಚರ. ಥಿನ್ನರ್ ಅದನ್ನೂ ಕರಗಿಸುತ್ತದೆ. ಮೇಲೆ 2ಕೆ ಕ್ಲಿಯರ್ (ಹಾರ್ಡನರ್ ಬೆರೆಸಿ ಗಟ್ಟಿಯಾಗಿಸುವ ಎರಡು ಭಾಗದ ಕ್ಲಿಯರ್) ಹೊಡೆದಿದ್ದರೆ ಈ ದಾರಿ ಮುಚ್ಚಿದೆ. ಅದು ಗಟ್ಟಿಯಾದ ಮೇಲೆ ಥಿನ್ನರ್‌ಗೆ ಬಗ್ಗುವುದಿಲ್ಲ. ಬಿಳುಪು ಮೇಲಿನ ಪದರದಲ್ಲಿದ್ದರೆ 2000, ಆಮೇಲೆ 3000 ಕಾಗದ, ಆಮೇಲೆ ಪಾಲಿಶ್. ಅಡಿಯ ಬಣ್ಣದಲ್ಲಿದ್ದರೆ ತೆಗೆಯದೆ ಬೇರೆ ದಾರಿ ಇಲ್ಲ.

ಗಾಳಿ ಹೊರಹಾಕುವ ಫ್ಯಾನ್ ವಿಷಯದಲ್ಲಿ ಮಳೆಗಾಲದ ಒಂದು ಇಕ್ಕಟ್ಟು ಇದೆ. ಫ್ಯಾನ್ ಬೆಚ್ಚಗಿನ ಗಾಳಿಯನ್ನು ಹೊರಗೆ ತಳ್ಳಿದಷ್ಟೂ ಹೊರಗಿನ ಮಂಜು ಕಿಟಕಿ ಸಂದಿಯಿಂದ ಒಳಗೆ ಬರುತ್ತದೆ. ಹಾಗೆಂದು ಫ್ಯಾನ್ ನಿಲ್ಲಿಸಿ ಹೊಡೆಯುವಂತಿಲ್ಲ, ಆವಿ ಶ್ವಾಸಕೋಶಕ್ಕೆ ಹೋಗುತ್ತದೆ. ಬಟ್ಟೆಯ ಮಾಸ್ಕ್ ಇದನ್ನು ತಡೆಯುವುದಿಲ್ಲ, ದ್ರಾವಕದ ಆವಿ ಹೀರುವ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು. 2ಕೆ ಕ್ಲಿಯರ್‌ನ ಹಾರ್ಡನರ್‌ನಲ್ಲಿ ಶ್ವಾಸಕೋಶಕ್ಕೆ ಅಪಾಯಕಾರಿಯಾದ ಐಸೊಸಯನೇಟ್ ಇರುತ್ತದೆ. ಮನೆಯ ಕೋಣೆಯಲ್ಲಿ ಅದನ್ನು ಹೊಡೆಯಲೇಬೇಡಿ. ಇಕ್ಕಟ್ಟಿಗೆ ದಾರಿ ಹೀಗೆ: ಎಲ್ಲ ಸಿದ್ಧ ಮಾಡಿಟ್ಟು, ಹೊಡೆಯುವ ಹೊತ್ತಿಗೆ ಮಾತ್ರ ಫ್ಯಾನ್ ಹಾಕಿ, ಒಂದು ತೆಳು ಕೋಟ್ ಮುಗಿಸಿ. ಬಾಡಿಯ ಮೇಲೆ ಡಬ್ಬ ಕವುಚಿ ಹಾಕಿ. ವಾಸನೆ ಹೋಗುವ ತನಕ ಫ್ಯಾನ್ ಓಡಲಿ. ಕೋಣೆ ಮತ್ತೆ ಬೆಚ್ಚಗೆ ಮಾಡಿ ಮುಂದಿನ ಕೋಟ್. ನಿಧಾನ, ಆದರೆ ಆಗುತ್ತದೆ.

ಇಷ್ಟೆಲ್ಲ ಮಾಡಿದರೂ ಅಂತರ 6 ಡಿಗ್ರಿಗೆ ಬಾರದ ದಿನಗಳಿವೆ. ಕರೆಂಟ್ ಹೋಗಿ ಎರಡು ದಿನ ಬರದಿದ್ದರೆ ಹೀಟರೂ ಇಲ್ಲ, ಬಲ್ಬೂ ಇಲ್ಲ. ಆಗ ಇಂಜಿನ್, ಸೀಟು, ಡ್ಯಾಶ್‌ಬೋರ್ಡ್ ಕೆಲಸ ತೆಗೆದುಕೊಳ್ಳಿ. ನೀರು ಆಧಾರಿತ ಅಕ್ರಿಲಿಕ್‌ನಲ್ಲಿ ಬ್ರಷ್ಷಿನಿಂದ ಹಚ್ಚಿದರೆ ಬ್ಲಶಿಂಗ್ ಕಾಟವಿಲ್ಲ, ಒಣಗಲು ಜಾಸ್ತಿ ಹೊತ್ತು ಬೇಕು ಅಷ್ಟೆ. ಎನಾಮಲ್ ಆದರೆ ಮುಟ್ಟಿ ನೋಡುವ ಆತುರ ಬೇಡ, ಈ ಚಳಿಯಲ್ಲಿ ಅದು ದಿನಗಟ್ಟಲೆ ಅಂಟಂಟಾಗಿಯೇ ಇರುತ್ತದೆ. ಬಾಡಿಯ ಹೊಳಪಿನ ಕೆಲಸ ಸೆಪ್ಟೆಂಬರ್‌ನ ಕೈಲ್‌ಪೊಳ್ದ್ ಹಬ್ಬ ಕಳೆದು ಬಿಸಿಲು ಕಾಣುವ ತನಕ ಕಾಯಲಿ. ನವೆಂಬರ್–ಡಿಸೆಂಬರ್‌ನ ಪುತ್ತರಿ ಹಬ್ಬದ ಹೊತ್ತಿನ ಒಣ ಹವೆ ಅದಕ್ಕೆ ಇನ್ನೂ ಚೆನ್ನ.

ಬಣ್ಣ ಪೂರ್ತಿ ತೆಗೆಯಲೇಬೇಕಾದರೆ ಪೆಟ್ರೋಲ್, ಎನ್‌ಸಿ ಥಿನ್ನರ್ ಮುಟ್ಟಬೇಡಿ. ನೀರು ಕಡಿಮೆ ಇರುವ ಗಟ್ಟಿ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ, ಮುಚ್ಚಳ ಇರುವ ಡಬ್ಬಿಯಲ್ಲಿ ಬಾಡಿ ಮುಳುಗಿಸಿಡಿ. ಕೈಗವಸು ಹಾಕಿ ಆಗಾಗ ತೆಗೆದು, ಮೆದು ಹಲ್ಲುಜ್ಜುವ ಬ್ರಷ್ಷಿನಿಂದ ಉಜ್ಜಿ. ಮೊದಲು ಕಿಟ್ಟಿನ ಚೌಕಟ್ಟಿನ ಒಂದು ತುಂಡನ್ನು ಅದರಲ್ಲಿ ಒಂದು ರಾತ್ರಿ ಇಟ್ಟು, ಪ್ಲಾಸ್ಟಿಕ್ ಪೆಡಸಾಗುವುದಿಲ್ಲ ಎಂದು ನೋಡಿಕೊಳ್ಳಿ. ಕ್ರೋಮ್ ಭಾಗಗಳನ್ನೂ ಗಾಜನ್ನೂ ಮೊದಲೇ ಬಿಚ್ಚಿಡಿ. ಬಣ್ಣ ಹೋದ ಮೇಲೆ ಸೋಪು ನೀರಿನಲ್ಲಿ ತೊಳೆದು, ಬಾಗಿಲ ಗೆರೆಗಳಲ್ಲಿ ಉಳಿದ ನೀರನ್ನು ಟಿಶ್ಯೂ ಕಾಗದದ ಮೂಲೆಯಿಂದ ಹೀರಿಸಿ. ಒಂದು ದಿನ ಬಲ್ಬಿನ ರಟ್ಟಿನ ಡಬ್ಬದಲ್ಲಿ ಒಣಗಿಸಿ, ಪ್ರೈಮರ್ ಹೊಡೆಯುವ ಮುಂಚೆ ಅದೇ ಗಾಳಿಯಲ್ಲಿ ಇನ್ನೊಂದು ಚಮಚಕ್ಕೆ ಹೊಡೆದು ನೋಡಿ.